ಪದವಿ ವಿದ್ಯಾರ್ಥಿಗಳ ಸಂಶೋಧನಾ ಕಿರುಯೋಜನೆ: ವಿಷಯದ ಆಯ್ಕೆಯಿಂದ ಮಂಡನೆಯವರೆಗೆ

ಪೀಠಿಕೆ

ಸಂಶೋಧನೆಯು ಸ್ನಾತಕೋತ್ತರ ಹಂತಕ್ಕೆ ಸೇರಿದ್ದೆಂಬ ಭಾವನೆ ಪದವಿ ಕಾಲೇಜುಗಳಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯು 1969ರಲ್ಲಿಯೇ ಪದವಿ ವಿದ್ಯಾರ್ಥಿಗಳನ್ನು ಅಧ್ಯಾಪಕರ ಸಂಶೋಧನೆಯಲ್ಲಿ ಪಾಲುದಾರರನ್ನಾಗಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಲ್ಲಿ, 1975ರಲ್ಲಿ ಸ್ಥಾಪಿತವಾದ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಅಂತಿಮ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆಯ್ದ ಯೋಜನೆಗಳಿಗೆ ಧನಸಹಾಯ ನೀಡಿ, ಅವುಗಳ ವಿಚಾರಗೋಷ್ಠಿ ಹಾಗೂ ಪ್ರದರ್ಶನವನ್ನು ಏರ್ಪಡಿಸುತ್ತಾ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ಅಂತಿಮ ವರ್ಷದ ಸಂಶೋಧನಾ ಯೋಜನೆಗೆ ಸ್ಥಾನವಿದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಡಿಸೆಂಬರ್ 2022ರಲ್ಲಿ ಹೊರಡಿಸಿದ ಪಠ್ಯಕ್ರಮ ಚೌಕಟ್ಟಿನ ಪ್ರಕಾರ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನಾ ಯೋಜನೆಯನ್ನು ಕೈಗೊಳ್ಳಬಹುದಾಗಿದೆ. ಕರ್ನಾಟಕದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ವ್ಯವಸ್ಥೆಯ ಬದಲಿಗೆ 2024-25ನೇ ಸಾಲಿನಿಂದ ಮೂರು ವರ್ಷಗಳ ಪದವಿಯನ್ನು ಪುನಃ ಅಳವಡಿಸಲಾಗಿದೆ. ಆದ್ದರಿಂದ ರಾಜ್ಯದ ಸಾಮಾನ್ಯ ಪದವಿ ವಿದ್ಯಾರ್ಥಿಗೆ ದೊರೆಯುವ ಅವಕಾಶವು ಬಹುತೇಕ ಒಂದು ಸಣ್ಣ ಕಿರುಯೋಜನೆಯಷ್ಟೇ. ಅದನ್ನೂ ಜೆರಾಕ್ಸ್ ಅಂಗಡಿಯ ಸಿದ್ಧ ಪ್ರತಿಯಿಂದ ಪೂರೈಸಿದಲ್ಲಿ ವಿದ್ಯಾರ್ಥಿಯು ಸ್ವಂತ ಪ್ರಶ್ನೆಯೊಂದಕ್ಕೆ ಸ್ವತಃ ಉತ್ತರ ಹುಡುಕುವ ಏಕೈಕ ಸಂದರ್ಭವನ್ನು ಕಳೆದುಕೊಳ್ಳುತ್ತಾನೆ.

ವಿಷಯದ ಆಯ್ಕೆ

ಬಹುಪಾಲು ಯೋಜನೆಗಳು ಸೊರಗುವುದು ಈ ಹಂತದಲ್ಲಿಯೇ. "ಕರ್ನಾಟಕದಲ್ಲಿ ಕೃಷಿ ಮಾರುಕಟ್ಟೆ: ಒಂದು ಅಧ್ಯಯನ" ಎಂಬುದು ಶೀರ್ಷಿಕೆಯೇ ಹೊರತು ಪ್ರಶ್ನೆಯಲ್ಲ. "ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಟೊಮೆಟೊ ಆವಕ ಹೆಚ್ಚಿದ ದಿನಗಳಲ್ಲಿ ಧಾರಣೆ ಎಷ್ಟು ಇಳಿಯುತ್ತದೆ?" ಎಂಬುದು ಪ್ರಶ್ನೆ. ಇದಕ್ಕೆ ಬೇಕಾದ ಆವಕ ಹಾಗೂ ಧಾರಣೆಯ ದೈನಂದಿನ ಅಂಕಿ-ಅಂಶಗಳು ಸರ್ಕಾರಿ ಜಾಲತಾಣಗಳಲ್ಲಿ ಉಚಿತವಾಗಿ ಲಭ್ಯವಿದ್ದು, ಒಂದು ಸೆಮಿಸ್ಟರ್‌ನಲ್ಲಿ ಕೆಲಸ ಮುಗಿಸಲು ಸಾಧ್ಯ. ಮಾರ್ಗದರ್ಶಕ ಅಧ್ಯಾಪಕರು ವಿಷಯವನ್ನು ತಾವೇ ಹಂಚಿಕೊಡುವ ಬದಲು, ವಿದ್ಯಾರ್ಥಿಯು ಬರೆದು ತಂದ ಪ್ರಶ್ನೆಯನ್ನು ಎರಡು ಮೂರು ಬಾರಿ ಕಿರಿದುಗೊಳಿಸಲು ಸೂಚಿಸುವುದು ಹೆಚ್ಚು ಫಲಕಾರಿ.

ಪೂರ್ವ ಅಧ್ಯಯನಗಳ ಪರಿಶೀಲನೆಗೆ 'ಶೋಧಗಂಗಾ' ಭಂಡಾರದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಬಹುದು.

ಮಾಹಿತಿ ಸಂಗ್ರಹಣೆ ಮತ್ತು ವಿಶ್ಲೇಷಣೆ

ಕ್ಷೇತ್ರ ಸಮೀಕ್ಷೆ ನಡೆಸುವವರು ಪ್ರಶ್ನಾವಳಿಯನ್ನು ಮೊದಲು ಐದಾರು ಜನರ ಮೇಲೆ ಪ್ರಯೋಗಿಸತಕ್ಕದ್ದು. ಇಂಗ್ಲಿಷ್‌ನಲ್ಲಿ ಸಿದ್ಧಪಡಿಸಿದ ಪ್ರಶ್ನೆಯನ್ನು ಸಂತೆಯಲ್ಲಿ ನಿಂತು ಬಾಯಿಮಾತಿನಲ್ಲಿ ಕನ್ನಡಕ್ಕೆ ತಿರುಗಿಸಿದಾಗ, ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೇಳಿದಂತಾಗುತ್ತದೆ; ಆದ ಕಾರಣ ಕನ್ನಡ ಪ್ರತಿಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು ಅವಶ್ಯ. ಉತ್ತರಿಸುವವರ ಒಪ್ಪಿಗೆ ಪಡೆಯಬೇಕು ಮತ್ತು ವರದಿಯಲ್ಲಿ ಅವರ ಹೆಸರನ್ನು ನಮೂದಿಸಬಾರದು. ಕಾಲೇಜಿನ ಸಮೀಪದ 30 ಅಂಗಡಿಗಳ ಸಮೀಕ್ಷೆಯಿಂದ ಆ 30 ಅಂಗಡಿಗಳ ಬಗ್ಗೆ ಮಾತ್ರ ಹೇಳಬಹುದೇ ವಿನಾ ಇಡೀ ಜಿಲ್ಲೆಯ ಬಗ್ಗೆ ಅಲ್ಲ.

ಲೆಕ್ಕಾಚಾರದಲ್ಲಿ ಸರಾಸರಿಯೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಉದಾಹರಣೆಗೆ, ಒಂದು ದಿನ 100 ಕ್ವಿಂಟಾಲ್ ಸರಕು ಕ್ವಿಂಟಾಲಿಗೆ ರೂ. 1,000ರಂತೆಯೂ, ಮರುದಿನ 300 ಕ್ವಿಂಟಾಲ್ ರೂ. 600ರಂತೆಯೂ ಮಾರಾಟವಾಯಿತೆಂದು ಭಾವಿಸೋಣ. ಸರಳ ಸರಾಸರಿ ರೂ. 800. ಆದರೆ ಒಟ್ಟು ಮೊತ್ತ ರೂ. 2,80,000ವನ್ನು 400 ಕ್ವಿಂಟಾಲಿನಿಂದ ಭಾಗಿಸಿದರೆ ಬೆಳೆಗಾರರಿಗೆ ದೊರೆತದ್ದು ರೂ. 700 ಮಾತ್ರ. ಯಾವ ಸರಾಸರಿಯನ್ನು ಏಕೆ ಬಳಸಲಾಯಿತೆಂದು ಬರೆಯಬಲ್ಲ ವಿದ್ಯಾರ್ಥಿಗೆ ವಿಷಯ ಅರ್ಥವಾಗಿದೆ ಎಂದೇ ತಿಳಿಯಬಹುದು.

ನಿರೀಕ್ಷಿಸಿದ ಫಲಿತಾಂಶ ಬಾರದಿದ್ದಲ್ಲಿ ಅಂಕಿಗಳನ್ನು ತಿದ್ದುವ ಪ್ರವೃತ್ತಿ ಕಂಡುಬರುತ್ತದೆ. "ಸಂಬಂಧ ಕಂಡುಬರಲಿಲ್ಲ" ಎಂಬುದೂ ಒಂದು ಫಲಿತಾಂಶವೇ ಆಗಿದ್ದು, ಅದಕ್ಕಾಗಿ ಅಂಕ ಕಡಿತಗೊಳಿಸುವುದು ಸಮಂಜಸವಲ್ಲ.

ಕೃತಿಚೌರ್ಯ

ಆಯೋಗದ 2018ರ ವಿನಿಯಮಗಳು ಶೇ. 10ರವರೆಗಿನ ಸಾಮ್ಯತೆಗೆ ದಂಡನೆ ವಿಧಿಸುವುದಿಲ್ಲ, ಶೇ. 10ರಿಂದ 40, 40ರಿಂದ 60 ಹಾಗೂ 60ಕ್ಕಿಂತ ಹೆಚ್ಚು ಎಂಬ ಹಂತಗಳಲ್ಲಿ ಕ್ರಮವನ್ನು ನಿಗದಿಪಡಿಸಿವೆ. ಸದರಿ ವಿನಿಯಮಗಳಲ್ಲಿ 'ಪ್ರತಿ' ಎಂಬುದರ ವ್ಯಾಖ್ಯೆಯಿಂದ ಯೋಜನಾ ವರದಿ ಮತ್ತು ಅಸೈನ್‌ಮೆಂಟ್‌ಗಳನ್ನು ಹೊರಗಿಡಲಾಗಿದೆ. ಇದನ್ನು ನಕಲಿಗೆ ದೊರೆತ ಅನುಮತಿ ಎಂದು ಭಾವಿಸಬಾರದು. ಪದವಿ ಹಂತದಲ್ಲಿ ಈ ಹೊಣೆಯು ಕಾಲೇಜಿನ ಮೇಲೆಯೇ ಬೀಳುತ್ತದೆ ಎಂಬುದಷ್ಟೇ ಇದರ ತಾತ್ಪರ್ಯ.

ಮಂಡನೆ

ಹತ್ತು ನಿಮಿಷಗಳ ಮಂಡನೆಗೆ ಎಂಟು ಸ್ಲೈಡ್‌ಗಳು ಧಾರಾಳವಾಗಿ ಸಾಕು. ಪ್ರಶ್ನೆ, ವಿಧಾನ, ಮುಖ್ಯ ಫಲಿತಾಂಶ ಮತ್ತು ಮಿತಿ ಇವು ಕೇಳುಗರಿಗೆ ತಲುಪಬೇಕು; ವಂದನಾರ್ಪಣೆಗೆ ಮೂರು ಸ್ಲೈಡ್ ಮೀಸಲಿಟ್ಟು ಫಲಿತಾಂಶಕ್ಕೆ ಸಮಯವಿಲ್ಲದಂತಾಗುವುದು ವಿರಳವೇನಲ್ಲ. ಪರದೆಯ ಮೇಲಿನ ಸಾಲುಗಳನ್ನೇ ಓದುವ ಬದಲು ಒಂದು ನಕ್ಷೆಯನ್ನು ತೋರಿಸಿ ವಿವರಿಸುವುದು ಉತ್ತಮ. ಕನ್ನಡ ಮಾಧ್ಯಮದಿಂದ ಬಂದ ಅನೇಕ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿ ಬಂದು ಮೊದಲ ಪ್ರಶ್ನೆಗೇ ಮೌನವಾಗುತ್ತಾರೆ. ಅಂಥವರಿಗೆ ಕನ್ನಡದಲ್ಲಿ ಮಂಡಿಸಲು ಅವಕಾಶ ನೀಡಿದಲ್ಲಿ ಅವರು ಮಾಡಿದ ಕೆಲಸ ಎಷ್ಟೆಂಬುದು ತಿಳಿದುಬರುತ್ತದೆ. ಅಂತಿಮ ಮಂಡನೆಗೆ ಒಂದು ವಾರ ಮೊದಲು ಸಹಪಾಠಿಗಳ ಎದುರು ಒಂದು ಪೂರ್ವಾಭ್ಯಾಸವನ್ನು ಏರ್ಪಡಿಸತಕ್ಕದ್ದು.

ಭರ್ತಿ ಮಾಡಿದ ಪ್ರಶ್ನಾವಳಿಗಳು ಹಾಗೂ ಲೆಕ್ಕದ ಹಾಳೆಗಳನ್ನು ಫಲಿತಾಂಶ ಪ್ರಕಟವಾಗುವವರೆಗೆ ವಿಭಾಗದಲ್ಲಿ ಸಂರಕ್ಷಿಸಿಡುವುದು ಸೂಕ್ತ. ಮೌಖಿಕ ಪರೀಕ್ಷೆಯಲ್ಲಿ ಸಂದೇಹ ಉಂಟಾದಲ್ಲಿ ಪರೀಕ್ಷಕರು ಅವುಗಳನ್ನು ಕೇಳಬಹುದು.