ಯುಮೆತಾರೋನ ನಕ್ಷತ್ರ

ಕನ್ನಡ ಪತ್ರಿಕೆಗಳಲ್ಲಿ ‘ಗಿಮಿಕ್’ ಎಂದರೆ ಸಾಮಾನ್ಯವಾಗಿ ಚುನಾವಣೆಯ ಹೊತ್ತಿನ ಕಣ್ಕಟ್ಟು. ಜಪಾನೀಯರೂ ಅದೇ ಇಂಗ್ಲಿಷ್ ಪದವನ್ನು ಎರವಲು ಪಡೆದಿದ್ದಾರೆ; ಆದರೆ ಅಲ್ಲಿ ‘ಗಿಮಿಕ್ಕು’ ಎಂದರೆ ಆಟಿಕೆಯ ಅಥವಾ ಯಂತ್ರದ ಒಳಗಿನ ಜಾಣ ಏರ್ಪಾಡು ಎಂಬ ಅರ್ಥವೂ ಉಂಟು. 1992ರ ಜನವರಿಯಲ್ಲಿ ಸನ್‌ಸಾಫ್ಟ್ ಕಂಪನಿ ಹೊರತಂದ ‘ಗಿಮಿಕ್!’ ಎಂಬ ವಿಡಿಯೋ ಗೇಮಿಗೆ ಒಪ್ಪುವುದು ಈ ಅರ್ಥವೇ.

ಅದು ಬಂದ ಗಳಿಗೆ ಮಾತ್ರ ಚೆನ್ನಾಗಿರಲಿಲ್ಲ. ಆಟ ತಯಾರಾದದ್ದು ನಿಂಟೆಂಡೋದ 1983ರ ಯಂತ್ರವಾದ ಫ್ಯಾಮಿಕಾಮ್‌ಗೆ. (ತೊಂಬತ್ತರ ದಶಕದಲ್ಲಿ ಭಾರತದ ಮನೆಗಳಲ್ಲಿ ಟಿವಿಗೆ ಸಿಕ್ಕಿಸಿ ಮಾರಿಯೋ, ಕಾಂಟ್ರಾ ಆಡುತ್ತಿದ್ದ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಇದರ ನಕಲುಗಳೇ.) ಸೂಪರ್ ಫ್ಯಾಮಿಕಾಮ್ 1990ರ ನವೆಂಬರಿನಲ್ಲೇ ಅಂಗಡಿಗೆ ಬಂದು, ಜನರ ಕಣ್ಣು ಅತ್ತ ತಿರುಗಿತ್ತು. ಸಾಲದ್ದಕ್ಕೆ ಈ ಆಟದ ನಾಯಕ, ತಲೆಯ ಮೇಲೆ ಪುಟ್ಟ ಕೊಂಬಿರುವ ದುಂಡನೆಯ ಹಸಿರು ಜೀವಿ. ಹೆಸರು ಯುಮೆತಾರೋ, ‘ಯುಮೆ’ ಎಂದರೆ ಕನಸು. ಹುಡುಗಿಯೊಬ್ಬಳ ಹುಟ್ಟುಹಬ್ಬದ ಉಡುಗೊರೆಯಾಗಿ, ಬೊಂಬೆಯೆಂದೇ ತಪ್ಪು ತಿಳಿಯಲಾಗಿ, ಅವನು ಮನೆ ಸೇರುತ್ತಾನೆ. ಹಳೆಯ ಬೊಂಬೆಗಳು ಹೊಟ್ಟೆಕಿಚ್ಚಿನಿಂದ ಹುಡುಗಿಯನ್ನೇ ಬೇರೊಂದು ಲೋಕಕ್ಕೆ ಹೊತ್ತೊಯ್ಯುತ್ತವೆ. ಮೇಲುನೋಟಕ್ಕೆ ಎಳೆಯ ಮಕ್ಕಳ ಆಟ.

ಆಡಲು ಕೂತರೆ ಆ ಭ್ರಮೆ ಬೇಗ ಕಳಚುತ್ತದೆ. ಯುಮೆತಾರೋನ ಬಳಿ ಇರುವುದು ಒಂದೇ ಒಂದು ಅಸ್ತ್ರ. ಗುಂಡಿ ಒತ್ತಿ ಹಿಡಿದರೆ ತಲೆಯ ಮೇಲೆ ನಕ್ಷತ್ರವೊಂದು ಮೂಡುತ್ತದೆ, ಬಿಟ್ಟರೆ ಹಾರುತ್ತದೆ. ಅದು ಗುಂಡಿನಂತೆ ನೆಟ್ಟಗೆ ಹೋಗುವುದಿಲ್ಲ. ನೆಲಕ್ಕೆ ಪುಟಿದು, ಇಳಿಜಾರಿನಲ್ಲಿ ಜಾರಿ, ಕೇರಂ ಬೋರ್ಡಿನ ಅಂಚಿಗೆ ಬಡಿದ ಸ್ಟ್ರೈಕರಿನಂತೆ ಗೋಡೆಯಿಂದ ಮರಳುತ್ತದೆ. ಅದು ಮಾಯವಾಗುವ ತನಕ ಇನ್ನೊಂದಿಲ್ಲ. ಆ ಪುಟಿಯುವ ನಕ್ಷತ್ರದ ಮೇಲೆಯೇ ಹಾರಿ ನಿಂತು ಸವಾರಿ ಮಾಡಬಹುದು. ಕೈಗೆಟುಕದ ಎತ್ತರಕ್ಕೆ ಹೋಗುವ ದಾರಿ ಅದೇ. ಎಸೆತದ ಲೆಕ್ಕ ಕೂದಲೆಳೆಯಷ್ಟು ತಪ್ಪಿದರೂ ಸವಾರಿ ಕೆಡುತ್ತದೆ. ಕೂಡಿಬಂದಾಗ ಸಿಗುವ ಖುಷಿ, ಗೋಲಿಯಾಟದಲ್ಲಿ ದೂರದ ಗೋಲಿಗೆ ಗುರಿ ತಾಗಿದಾಗಿನದು.

ನಿರ್ದೇಶಕ ತೋಮೋಮಿ ಸಕಾಯ್ ಅವರ ಹಟ ಇಲ್ಲಿ ಕಾಣುತ್ತದೆ. ಆ ಕಾಲದ ಎಷ್ಟೋ ಆಟಗಳಲ್ಲಿ ವೈರಿಗಳು ಗಾಣದೆತ್ತಿನಂತೆ ಗೊತ್ತಾದ ದಾರಿಯಲ್ಲೇ ಸುತ್ತುತ್ತಿದ್ದರು. ಇಲ್ಲಿ ಅವರೂ ಬೆನ್ನಟ್ಟಿ ಬರುತ್ತಾರೆ, ಇಳಿಜಾರಿನಲ್ಲಿ ಜಾರುತ್ತಾರೆ. ಪ್ರತಿ ಹಂತದಲ್ಲೂ ಬಚ್ಚಿಟ್ಟ ನಿಧಿಯೊಂದಿದೆ. ಅವೆಲ್ಲ ಸಿಕ್ಕರೆ ಮಾತ್ರ ಕೊನೆಯ ಹಂತ ತೆರೆಯುತ್ತದೆ; ನಡುವೆ ಸೋತು ‘ಕಂಟಿನ್ಯೂ’ ಒತ್ತಿದರೆ ಕೂಡಿಟ್ಟದ್ದು ಹೋಯಿತು. ಇದಿಷ್ಟು ಕಠೋರತೆ ಬೇಕಿರಲಿಲ್ಲ.

ಸಂಗೀತದ್ದು ಇನ್ನೊಂದು ಕಥೆ. ಮಸಾಶಿ ಕಾಗೆಯಾಮಾ ಅವರ ರಾಗಗಳಿಗಾಗಿ ಕ್ಯಾಸೆಟ್ಟಿನೊಳಗೇ ಪ್ರತ್ಯೇಕ ಚಿಪ್ ಇಟ್ಟು, ಯಂತ್ರದ 5 ಧ್ವನಿಗಳಿಗೆ ಇನ್ನೂ 3 ಸೇರಿಸಲಾಗಿತ್ತು. 1993ರಲ್ಲಿ ‘ಮಿಸ್ಟರ್ ಗಿಮಿಕ್’ ಎಂಬ ಹೆಸರಿನಲ್ಲಿ ಆಟ ಸ್ಕ್ಯಾಂಡಿನೇವಿಯಾಕ್ಕೆ ಹೋದಾಗ ಆ ಚಿಪ್ ಜೊತೆಗೆ ಹೋಗಲಿಲ್ಲ. ಜಪಾನಿನ ಹೊರಗೆ ಅಂದು ಇದನ್ನು ಆಡಿದ ಕೆಲವೇ ಮಂದಿಗೂ ಕೇಳಿಸಿದ್ದು 3 ಧ್ವನಿ ಕಳೆದ ಸಂಗೀತ.

2023ರಲ್ಲಿ ಇಂದಿನ ಯಂತ್ರಗಳಿಗೆ ಹೊಸ ಆವೃತ್ತಿ ಬಂತು. ಮರುವರ್ಷ ‘ಗಿಮಿಕ್! 2’ ಕೂಡ ಬಂತು, ಮೊದಲನೆಯದರ 32 ವರ್ಷಗಳ ನಂತರ.