ಹೆಸರು ಮುಚ್ಚಿಟ್ಟವರ ಬೆನ್ನು ಹತ್ತಿದ ಕಾನೂನು

ಅಚ್ಚಾದ ಯಾವುದೇ ಹಾಳೆಯ ಮೇಲೆ ಅಚ್ಚು ಹಾಕಿದವನ ಹೆಸರು ಮತ್ತು ಊರು ಇರಲೇಬೇಕು. ಬ್ರಿಟಿಷ್ ಸರ್ಕಾರ 1867ರಲ್ಲಿ ತಂದ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಹೀಗೆ ಹೇಳಿತ್ತು. ನಮ್ಮ ಜಿಲ್ಲೆ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿ ಆಗಿನ್ನೂ ಐದು ವರ್ಷವಾಗಿತ್ತು. ಕಾಯ್ದೆಯ ಹಿಂದಿನ ಲೆಕ್ಕ ಸರಳ. ಬರೆದವನು ಹೆಸರು ಹಾಕದೆ ತಪ್ಪಿಸಿಕೊಳ್ಳಬಹುದು, ಆದರೆ ಅಚ್ಚಿನ ಯಂತ್ರವನ್ನು ಹೆಗಲ ಮೇಲೆ ಹೊತ್ತು ಓಡಲಾಗದು. ಬರೆದವನು ಸಿಗದಿದ್ದರೆ ಪ್ರೆಸ್ಸಿನವನನ್ನು ಹಿಡಿ. ಚುನಾವಣೆಯ ಕರಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಪ್ರೆಸ್ಸಿನ ಹೆಸರು ಇಂದಿಗೂ ಇರುತ್ತದಲ್ಲ, ಅದು ಬೇರೆ ಕಾಯ್ದೆ, ಲೆಕ್ಕ ಮಾತ್ರ ಇದೇ.

ಡಾರ್ಕ್‌ನೆಟ್ ಬಗ್ಗೆ ಈಗ ನಡೆಯುವ ಕಾನೂನಿನ ಜಗಳವೆಲ್ಲ ಈ ಹಳೇ ಲೆಕ್ಕ ತಪ್ಪಿದ್ದರಿಂದಲೇ ಹುಟ್ಟಿದ್ದು. ಆದರೆ ಅದು ಮೊದಲು ತಪ್ಪಿದ್ದು ಇಂಟರ್ನೆಟ್ಟಿನಲ್ಲಲ್ಲ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಉಪ್ಪಿನ ಕಾನೂನು ಮುರಿದಾಗ ಗುಟ್ಟೇನೂ ಇರಲಿಲ್ಲ. ಹಗಲಿನಲ್ಲಿ, ಜನರೆದುರು, ಹೆಸರು ಹೇಳಿಯೇ ಮಾಡಿದ್ದು. ಗಾಂಧೀಜಿಗೆ ಗುಪ್ತ ಚಟುವಟಿಕೆ ಹಿಡಿಸುತ್ತಿರಲಿಲ್ಲ. ಆದರೆ ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿದ ಮೇಲೆ ಚಳವಳಿಗಾರರಿಗೆ ಬೇರೆ ದಾರಿ ಉಳಿಯಲಿಲ್ಲ. 1942ರ ಹೊತ್ತಿಗೆ ಕರ್ನಾಟಕದ ಹಲವೆಡೆ ಸೈಕ್ಲೋಸ್ಟೈಲ್ ಮಾಡಿದ ಭೂಗತ ಬುಲೆಟಿನ್‌ಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಸೈಕ್ಲೋಸ್ಟೈಲ್ ಯಂತ್ರವನ್ನು ರಾತ್ರೋರಾತ್ರಿ ಮನೆ ಬದಲಿಸಬಹುದಿತ್ತು. ಹೊರಲಾಗದ ಯಂತ್ರವನ್ನು ನಂಬಿ ಬರೆದ ಕಾಯ್ದೆಗೆ ಹೊರಬಹುದಾದ ಯಂತ್ರ ಸಿಕ್ಕಲಿಲ್ಲ.

ಅದೇ ವರ್ಷ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ‘ಕಾಂಗ್ರೆಸ್ ರೇಡಿಯೋ’ ನಡೆಸಿದರು. ಭಾರತದ ಯಾವುದೋ ಒಂದು ಜಾಗದಿಂದ ಮಾತಾಡುತ್ತಿದ್ದೇವೆ ಎಂದಷ್ಟೇ ಪ್ರಸಾರದಲ್ಲಿ ಹೇಳುತ್ತಿದ್ದರು. ಪೊಲೀಸರಿಗೆ ಸಿಗಬಾರದೆಂದು ಜಾಗ ಬದಲಿಸುತ್ತಲೇ ಇದ್ದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ತೋರಿಸಿಕೊಟ್ಟವನು ಅವರದೇ ತಂತ್ರಜ್ಞರಲ್ಲೊಬ್ಬ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಡಾರ್ಕ್‌ನೆಟ್‌ಗೆ ಬರೋಣ. ಅದಕ್ಕೆ ಹೋಗಲು ಹೆಚ್ಚಿನವರು ಬಳಸುವುದು ಟಾರ್ ಎಂಬ ವ್ಯವಸ್ಥೆ. ಒಂದು ಪತ್ರವನ್ನು ಮೂರು ಲಕೋಟೆಯಲ್ಲಿ, ಒಂದರೊಳಗೊಂದು ಹಾಕಿ ಕಳಿಸಿದಂತೆ. ಮೊದಲನೆಯವನು ಹೊರಗಿನ ಲಕೋಟೆ ಬಿಚ್ಚಿ ಎರಡನೆಯವನಿಗೆ ದಾಟಿಸುತ್ತಾನೆ, ಅವನು ಮೂರನೆಯವನಿಗೆ. ಯಾರಿಂದ ಬಂತು, ಕೊನೆಗೆ ಯಾರಿಗೆ ಹೋಯಿತು ಎಂಬುದು ಪೂರ್ತಿಯಾಗಿ ಯಾರಿಗೂ ಗೊತ್ತಿರುವುದಿಲ್ಲ. ಹಿಡಿಯಬೇಕೆಂದರೆ ನಡುವೆ ಪ್ರೆಸ್ಸಿನವನೇ ಇಲ್ಲ!

ಇದನ್ನು ಹುಟ್ಟುಹಾಕಿದ್ದು ಕಳ್ಳರಲ್ಲ. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯ. ತಮ್ಮವರು ಎಲ್ಲಿಂದ ಮಾತಾಡುತ್ತಿದ್ದಾರೆಂದು ವೈರಿಗೆ ತಿಳಿಯಬಾರದಿತ್ತು. ಆದರೆ ನೌಕಾಪಡೆಯವರೊಬ್ಬರೇ ಬಳಸಿದರೆ, ಬಳಸಿದವರೆಲ್ಲ ನೌಕಾಪಡೆಯವರೇ ಎಂದು ತಿಳಿದುಬಿಡುತ್ತದೆ. ಹಾಗಾಗಿ ಎಲ್ಲರಿಗೂ ಬಿಟ್ಟುಕೊಟ್ಟರು. ಬಂಡಿಹಬ್ಬದ ಗದ್ದಲದಲ್ಲಿ ಒಬ್ಬ ಕಳೆದುಹೋಗಬೇಕಾದರೆ ಹಬ್ಬಕ್ಕೆ ಸಾವಿರ ಜನ ಬರಬೇಕಲ್ಲ. ಆ ಸಾವಿರದಲ್ಲಿ ಪತ್ರಕರ್ತರೂ ಬಂದರು, ಗಾಂಜಾ ಮಾರುವವರೂ ಬಂದರು. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನಷ್ಟೇ ತಡೆಯುವ ಬಾಗಿಲು ಯಾವ ದೇಶದ ಕಾನೂನಿಗೂ ಸಿಕ್ಕಿಲ್ಲ.

ಹಾಗಾದರೆ ಯಾರೂ ಸಿಕ್ಕಿಬೀಳುವುದಿಲ್ಲವೇ? ಬೀಳುತ್ತಾರೆ, ರೇಡಿಯೋದವರು ಬಿದ್ದ ಹಾಗೆಯೇ. ಡಾರ್ಕ್‌ನೆಟ್‌ನ ದೊಡ್ಡ ಮಾರುಕಟ್ಟೆ ‘ಸಿಲ್ಕ್ ರೋಡ್’ ನಡೆಸುತ್ತಿದ್ದವನು 2013ರಲ್ಲಿ ಅಮೆರಿಕದ ಗ್ರಂಥಾಲಯವೊಂದರಲ್ಲಿ ಸಿಕ್ಕ. ಸುಳಿವು ಕೊಟ್ಟದ್ದು ಅವನೇ ಹಿಂದೊಮ್ಮೆ ಬರೆದುಕೊಂಡಿದ್ದ ಸ್ವಂತ ಇಮೇಲ್ ವಿಳಾಸ. ಬೆಂಗಳೂರಿನಲ್ಲಿ 2020ರ ನವೆಂಬರಿನಲ್ಲಿ ಸಿಸಿಬಿ ಪೊಲೀಸರು ಬಿಟ್‌ಕಾಯಿನ್ ಕೊಟ್ಟು ಡಾರ್ಕ್‌ನೆಟ್‌ನಿಂದ ಮಾದಕವಸ್ತು ತರಿಸಿದ ಪ್ರಕರಣ ಹಿಡಿದರು. ಮುಂದೆ ಅದು ಬಿಟ್‌ಕಾಯಿನ್ ಹಗರಣವಾಗಿ ಬೆಳೆಯಿತು. 2024ರ ಜನವರಿಯಲ್ಲಿ, ಸಾಕ್ಷ್ಯ ತಿರುಚಿದ ಆರೋಪದ ಮೇಲೆ, ಮೊದಲ ತನಿಖೆಯಲ್ಲಿದ್ದ ಪೊಲೀಸ್ ಇನ್‌ಸ್ಪೆಕ್ಟರ್‌ನನ್ನೇ ಎಸ್‌ಐಟಿ ಬಂಧಿಸಿತು. ಕಾನೂನು ಬರೆಯುವುದು ಒಂದು, ಅದನ್ನು ಹಿಡಿದು ಹೊರಡುವ ಕೈ ಇನ್ನೊಂದು.

ನಮ್ಮ ಕಾರವಾರದ ಕಥೆ ಇನ್ನೂ ವಿಚಿತ್ರ. ಅರ್ಗಾದ ಐಎನ್‌ಎಸ್ ಕದಂಬ ನೌಕಾನೆಲೆ 2005ರ ಮೇ 31ರಂದು ಸೇವೆಗೆ ಸೇರಿತು. ಕಾರವಾರ, ಅಂಕೋಲಾ ತಾಲೂಕುಗಳ ಹಳ್ಳಿಗಳು ಅದಕ್ಕಾಗಿ ಮನೆ, ಗದ್ದೆ, ಮೀನುಗಾರಿಕೆಯ ದಂಡೆ ಬಿಟ್ಟುಕೊಟ್ಟವು. ಅಂಥ ನೆಲೆಯ ಮಾಹಿತಿ ಸೋರಿದ್ದಕ್ಕೆ ಡಾರ್ಕ್‌ನೆಟ್ ಬೇಕಾಗಲೇ ಇಲ್ಲ. 2019ರ ಡಿಸೆಂಬರಿನಲ್ಲಿ ವಿಶಾಖಪಟ್ಟಣ, ಮುಂಬಯಿ, ಕಾರವಾರಗಳಲ್ಲಿ ನೌಕಾಪಡೆಯ ಸಿಬ್ಬಂದಿ ಬಂಧಿತರಾದರು. ಹೆಂಗಸರ ಹೆಸರಿನ ಫೇಸ್‌ಬುಕ್ ಖಾತೆಗಳ ಬಲೆಗೆ ಬಿದ್ದರೆಂಬುದು ಆರೋಪ. ಅದೇ ತಿಂಗಳು ನೌಕಾಪಡೆ ತನ್ನ ಹಡಗು, ನೆಲೆಗಳಲ್ಲಿ ಫೇಸ್‌ಬುಕ್ ನಿಷೇಧಿಸಿತು. 2025ರ ಫೆಬ್ರವರಿಯಲ್ಲಿ ಎನ್‌ಐಎ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿತು. ಹಣಕ್ಕಾಗಿ ಈ ನೆಲೆಯ ಮಾಹಿತಿ ಕೊಟ್ಟರೆಂಬ ಆರೋಪ.

ಬೇರೆಯವರ ಸೋಗು ಹಾಕಿ ಕಂಪ್ಯೂಟರಿನಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಕಲಮು ಇದೆ, ಸೋಗು ಹಾಕಿದವನು ಗಡಿಯಾಚೆ ಇದ್ದಾನೆ. ಇಂಥ ಬಲೆಯಲ್ಲಿ ನಮ್ಮ ಕಾನೂನಿನ ಕೈಗೆ ಸಿಗುವುದು ಈಚೆ ದಡದವರು ಮಾತ್ರ.

ಮುಖವಾಡದವನು ಸಿಗದಾಗ ಸರ್ಕಾರ ಎಲ್ಲರ ಮುಖವನ್ನೂ ಕೇಳುತ್ತದೆ. 2021ರ ನಿಯಮಗಳು ಸಂದೇಶವನ್ನು ಮೊದಲು ಕಳಿಸಿದವರು ಯಾರೆಂದು ತೋರಿಸಬೇಕೆಂದವು. ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. 2022ರ ಏಪ್ರಿಲ್ 28ರಂದು ಸಿಇಆರ್‌ಟಿ-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂದು ಆದೇಶಿಸಿತು. ದೊಡ್ಡ ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ದೇಶದಿಂದ ಎತ್ತಿಕೊಂಡು ಹೋದವು. ಸೈಕ್ಲೋಸ್ಟೈಲ್ ಮನೆ ಬದಲಿಸಿದಂತೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಪಂಚಾಯ್ತಿಯ ಅವ್ಯವಹಾರದ ಬಗ್ಗೆ ಹೆಸರು ಹೇಳದೆ ಸುಳಿವು ಕೊಡುವ ಹಳ್ಳಿಯವನಿಗೂ ಆ ಹಕ್ಕು ಬೇಕು. ನನ್ನಂಥ ವರದಿಗಾರರ ಹೊಟ್ಟೆ ತುಂಬುವುದೇ ಅಂಥವರಿಂದ.

ಇಷ್ಟೆಲ್ಲದರ ನಡುವೆ 1867ರ ಕಾಯ್ದೆ 2024ರ ಮಾರ್ಚ್ 1ರಂದು ಹೋಯಿತು, ಅದರ ಜಾಗಕ್ಕೆ ಹೊಸತು ಬಂತು. ಅದರ ಹಳೇ ಲೆಕ್ಕ ಮಾತ್ರ ಈಗ ಸಿಮ್ ಕಾರ್ಡಿನ ಮೇಲೆ ಕೂತಿದೆ. ಮೋಸದಿಂದ ಅಥವಾ ಬೇರೆಯವರ ಸೋಗಿನಲ್ಲಿ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ನಿಮ್ಮ ಆಧಾರ್ ಕೊಟ್ಟು ಗೆಳೆಯನಿಗೆ ಸಿಮ್ ತೆಗೆಸಿಕೊಟ್ಟಿದ್ದರೆ, ಆ ನಂಬರಿನಿಂದ ಏನು ನಡೆದರೂ ಪೊಲೀಸರು ಮೊದಲು ಬರುವುದು ನಿಮ್ಮ ಮನೆ ಜಗಲಿಗೆ.