ಭದ್ರೆಯ ದಡದ ಕುಲುಮೆ

ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ತುಂಗಭದ್ರಾ ಅಣೆಕಟ್ಟಿನಲ್ಲಿ ಹೂಳು ತುಂಬಿದೆ, ವ್ಯರ್ಥವಾಗಿ ಹರಿದುಹೋಗುವ ನೀರನ್ನು ಇಲ್ಲಿ ಹಿಡಿದಿಡಬಹುದು ಎಂಬುದು ಲೆಕ್ಕಾಚಾರ. ಆ ನೀರಿನಲ್ಲಿ ಭದ್ರೆಯ ಪಾಲೂ ಇದೆ. ಕೂಡ್ಲಿಯಲ್ಲಿ ತುಂಗೆಯನ್ನು ಸೇರುವ ಮೊದಲು ಭದ್ರೆ ಒಂದು ಕಬ್ಬಿಣದ ಕಾರ್ಖಾನೆಯನ್ನು ಹಾದು ಬರುತ್ತಾಳೆ.

2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಭದ್ರಾವತಿಯ ಕಾರ್ಮಿಕರು ಬೀದಿಗಿಳಿದರು. ಎರಡು ವರ್ಷಗಳ ನಂತರ, 2025ರ ಫೆಬ್ರವರಿಯಲ್ಲಿ, ಊರ ಪಕ್ಕ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳದ ಜನ ಬಂದ್ ಆಚರಿಸಿದರು. ಒಂದೇ ನದಿಯ ಎರಡು ಊರುಗಳು. ಒಂದಕ್ಕೆ ಬೇಕಾದದ್ದು ಇನ್ನೊಂದಕ್ಕೆ ಬೇಡವಾಯಿತೇಕೆ?

ಕಬ್ಬಿಣ ನಮಗೆ ಇಂಗ್ಲಿಷರು ಕಲಿಸಿದ ವಿದ್ಯೆಯಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಲುಮನೆಗಳು ಕಬ್ಬಿಣ ಯುಗದವು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು ನೋಡಲು ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800-01ರ ತನ್ನ ಪ್ರವಾಸದಲ್ಲಿ ಹಳ್ಳಿಗಳ ಕುಲುಮೆಗಳನ್ನು ಕಂಡು, ಅದಿರೆಷ್ಟು, ಇದ್ದಿಲೆಷ್ಟು, ಆಳುಗಳೆಷ್ಟು ಎಂದು ಆತ ಬರೆದಿಟ್ಟ. ಮುಂದೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದಿತು, ಕಾಡು ಕಾನೂನಿನ ಕೈಗೆ ಹೋಯಿತು, ಆ ಕುಲುಮೆಗಳು ಒಂದೊಂದಾಗಿ ಆರಿದವು.

ಬ್ರಿಟಿಷರ ಅಧೀನದಲ್ಲಿದ್ದ ಮೈಸೂರು ಸಂಸ್ಥಾನ ತನ್ನದೇ ಕಾರ್ಖಾನೆಗೆ ಕೈ ಹಾಕಿದ್ದು ಈ ಹಿನ್ನೆಲೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಯೋಜನೆ ವಿಶ್ವೇಶ್ವರಯ್ಯನವರದು. ಸ್ಥಳ ಬೆಂಕಿಪುರ, ಈಗಿನ ಭದ್ರಾವತಿ. 1918ರ ಕೊನೆಗೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರೂ ಕೆಲಸ ನಿಲ್ಲಲಿಲ್ಲ. 1923ರಲ್ಲಿ ಕಬ್ಬಿಣ ಹರಿಯಿತು.

ಮೈಸೂರಿನಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಊದುಕುಲುಮೆಗೆ ಮರದ ಇದ್ದಿಲನ್ನೇ ಉಣಿಸಬೇಕಾಯಿತು. ಮಲೆನಾಡಿನ ಸೌದೆಯನ್ನು ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಆವಿಯಿಂದ ಡಾಂಬರು, ಮರದ ಮದ್ಯಸಾರ ದೊರೆಯುತ್ತವೆ. ಜಾಣತನದ ಏರ್ಪಾಡು ನಿಜ, ಆದರೆ ಅದರ ಬೆಲೆಯನ್ನು ಕಾಡು ತೆತ್ತಿತು. ಅದಿರು ಬಂದದ್ದು ಸೂಫಿ ಸಂತ ಬಾಬಾ ಬುಡನ್‌ರ ಹೆಸರು ಹೊತ್ತ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದಿಂದ ಕೆಳಗೆ ತಂತಿಹಗ್ಗದ ತೊಟ್ಟಿಲುಗಳಲ್ಲಿ, ಅಲ್ಲಿಂದ ಮುಂದೆ ಟ್ರಾಮ್ ಹಳಿಯ ಮೇಲೆ.

ಜಗತ್ತಿನ ಆರ್ಥಿಕ ಕುಸಿತ ಬಂದಾಗ ಕಬ್ಬಿಣದ ಬೆಲೆ ನೆಲ ಕಚ್ಚಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್ (1926-41). ಬಾಗಿಲು ಹಾಕುವುದು ಅಂದೂ ಸುಲಭವಾಗಿತ್ತು. ಹಾಕಲಿಲ್ಲ. 1930ರ ದಶಕದಲ್ಲಿ ಉಕ್ಕು ಘಟಕ ಬಂತು, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು, ಸಿಮೆಂಟ್ ಬಂತು. ಭದ್ರಾವತಿ ಎಂದರೆ ವಿಶ್ವೇಶ್ವರಯ್ಯ ಎಂದಷ್ಟೇ ನೆನೆಯುವವರು ಈ ಹೆಸರನ್ನೂ ಸೇರಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತ ಮೇಲೆ ಅದಕ್ಕೆ ಸ್ವಂತ ಅದಿರಿಲ್ಲ. ಅದಿರಿರುವುದು ಸಂಡೂರು, ಹೊಸಪೇಟೆಯ ಬೆಟ್ಟಗಳಲ್ಲಿ. ನೀರಿರುವುದು ತುಂಗಭದ್ರಾ ಅಣೆಕಟ್ಟಿನಲ್ಲಿ. ಹೀಗಾಗಿ ಕುಲುಮೆಗಳು ನದಿಗುಂಟ ಕೆಳಗಿಳಿದು ಕೊಪ್ಪಳಕ್ಕೆ ಬಂದವು. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧವೆಂದರೆ, ಭದ್ರಾವತಿಯಲ್ಲಿ ಕಾರ್ಖಾನೆಯೇ ಊರನ್ನು ಕಟ್ಟಿತು: ವಸತಿಗೃಹ, ಶಾಲೆ, ಆಸ್ಪತ್ರೆ, ತಲೆಮಾರುಗಳ ಸಂಬಳ. ಕೊಪ್ಪಳದಲ್ಲಿ ಊರು ಮೊದಲೇ ಇತ್ತು. ಅದರ ಪಾಲಿಗೆ ಬಂದದ್ದು ಕಪ್ಪು ಧೂಳು.

ಜರ್ಮನಿಯ ಫೋಲ್ಕ್ಲಿಂಗನ್‌ನಲ್ಲಿ 1986ರಲ್ಲಿ ಆರಿದ ಊದುಕುಲುಮೆಗಳನ್ನು ಕೆಡವಲಿಲ್ಲ. 1994ರಲ್ಲಿ ಯುನೆಸ್ಕೋ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹಿರೇಬೆಣಕಲ್ 2021ರಲ್ಲಿ ಅದೇ ಸಂಸ್ಥೆಯ ತಾತ್ಕಾಲಿಕ ಪಟ್ಟಿಗೆ ಬಂದಿದೆ. ಸಾವಿರಾರು ವರ್ಷ ಹಳೆಯದಾದರೆ ಗೌರವ, ನೂರು ವರ್ಷದ್ದಾದರೆ ಗುಜರಿ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಭದ್ರಾವತಿಯ ಹಳೆಯ ಶೆಡ್ಡುಗಳನ್ನು, ಚಿಮಣಿಗಳನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಪಟ್ಟಿ ಮಾಡಿಸಬೇಕು. ಜೊತೆಗೆ ಸೌದೆ ಕಡಿದವರ, ಅದಿರು ಅಗೆದವರ, ಗುತ್ತಿಗೆಯಲ್ಲೇ ಮುದುಕರಾದವರ ಹಾಜರಿ ಪುಸ್ತಕಗಳನ್ನೂ ಹುಡುಕಿಸಬೇಕು. ಕಾಗದ ಕಬ್ಬಿಣಕ್ಕಿಂತ ಬೇಗ ಹಾಳಾಗುತ್ತದೆ.